ಸೂಪಿಗೆ ಒಂದು ಲೋಟ ಮಳೆ

“ಬಟಾಣಿ ಸಿಪ್ಪೆ ಎಲ್ಲಿಟ್ಟೆ?”

“ಸಿಪ್ಪೆನಾ? ಕರುವಿಗೆ ಹಾಕ್ದೆ” ಅಂದಳು ನನ್ನ ಹೆಂಡತಿ.

ನಾನು ಕೊಟ್ಟಿಗೆಗೆ ಓಡಿದೆ. ಕರು ಅರ್ಧ ತಿಂದಾಗಿತ್ತು. ಉಳಿದರ್ಧವನ್ನು ಅದರ ಮೂತಿಯ ಕೆಳಗಿನಿಂದ ಬಾಚಿಕೊಂಡೆ. ಅದು ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಎರಡು ಹಿಡಿ ಸಿಪ್ಪೆ ನನ್ನ ಕೈಗೆ, ಒಂದು ಗುದ್ದು ನನ್ನ ಮೊಣಕಾಲಿಗೆ. ಕುಂಟುತ್ತಾ ಒಳಗೆ ಬಂದೆ.

“ಕಾಳು ಬಿಟ್ಟು ಸಿಪ್ಪೆಗೆ ಜಗಳ ಆಡೋ ಗಂಡಸನ್ನ ಇವತ್ತೇ ನೋಡಿದ್ದು” ಅಂದಳು. “ತೊಳಿರಿ ಅದನ್ನ. ಎಂಜಲು.”

ತೊಳೆದೆ. ಮೂರು ಸಲ ತೊಳೆದೆ. ಸೂಪಿಗೆ ಮೊದಲು ಬೇಕಾದದ್ದೇ ಸಿಪ್ಪೆ. ಎಳೆ ಬಟಾಣಿಯ ಸಿಪ್ಪೆ, ಈರುಳ್ಳಿಯ ಹಸಿರು ತುದಿ, ನವಿಲುಕೋಸಿನ ಎಲೆಯ ದಂಟು, ಇಷ್ಟನ್ನು ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಇಡಬೇಕು. ಆಮೇಲೆ ಸೋಸಬೇಕು. ಆ ನೀರಿಗೆ ತರಕಾರಿ. ಇಷ್ಟು ಕಲಿಯಲಿಕ್ಕೆ ನನಗೆ ಆರು ವರ್ಷ ಹಿಡಿಯಿತು. ಜೀಪು ಕಲಿಯಲಿಕ್ಕೆ ಹಿಡಿದದ್ದು ಹನ್ನೊಂದು ದಿನ.

ಕಲಿಸಿದವರು ನಾನು ಕೆಲಸ ಮಾಡುವ ಎಸ್ಟೇಟಿನ ಬಂಗಲೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು. ಈ ಸಲ ಶಿವರಾತ್ರಿಗೆ ಎರಡು ದಿನ ಇದ್ದಾಗ ತೀರಿಕೊಂಡರು. ನಿನ್ನೆ ಸಂಜೆ ವರ್ಷದ ಮೊದಲ ಮಳೆ ಬಂತು. ಅದಕ್ಕೇ ಇವತ್ತು ನಮ್ಮ ಮನೆಯಲ್ಲಿ ಸೂಪು. ಅದಕ್ಕೇ ಕರುವಿನ ಗುದ್ದು.

ಅವರ ಹೆಸರು ಬರೆಯುವುದಿಲ್ಲ. ಅವರನ್ನು ಹೆಸರು ಹಿಡಿದು ಕರೆದದ್ದು ಅವರ ತಾಯಿ ಒಬ್ಬರೇ ಅಂತೆ. ಎಸ್ಟೇಟಿನಲ್ಲಿ ಎಲ್ಲರಿಗೂ ಅವರು ಬಟ್ಲರು. ಬಂಗಲೆಯಲ್ಲಿ ಹಿಂದೆ ಇದ್ದ ದೊರೆಗಳ ಕಾಲದ ಪದ ಅದು. ದೊರೆ ಹೋದರು, ಪದ ಅಡುಗೆಮನೆಯಲ್ಲೇ ಉಳಿಯಿತು. ನಾನೂ ಬಟ್ಲ್ರೇ ಅಂತಲೇ ಕರೆಯುತ್ತಿದ್ದೆ. ಅವರು ನನ್ನನ್ನು ಕರೆಯುತ್ತಿದ್ದದ್ದು ಡ್ರೈವರ್ ಸಾಹೇಬ್ರೇ ಅಂತ. ಮರ್ಯಾದೆಗಲ್ಲ. ನಾನು ಕೆಲಸಕ್ಕೆ ಸೇರಿದ ವಾರ ಕನ್ನಡಿ ಮುಂದೆ ನಿಂತು ತಲೆ ಬಾಚುತ್ತಾ ಜೀಪು ನ್ಯೂಟ್ರಲಿನಲ್ಲಿ ಬಿಟ್ಟಿದ್ದೆ, ಅದು ತಾನಾಗಿ ಹೋಗಿ ಕಾಫಿ ಒಣಗಿಸುವ ಕಣದ ನಡುವೆ ನಿಂತಿತ್ತು. ಆವತ್ತಿನಿಂದ ಸಾಹೇಬ್ರು.

ಕುಳ್ಳಗೆ, ತೆಳ್ಳಗೆ ಇದ್ದರು. ಖಾಕಿ ಬಣ್ಣದ ಒಂದೇ ಕೋಟು. ಅದರ ನಡುವಿನ ಗುಂಡಿ ಯಾವ ಕಾಲದಲ್ಲೋ ಬಿದ್ದುಹೋಗಿ ಅಲ್ಲಿಗೆ ಸೇಫ್ಟಿ ಪಿನ್ನು. ಹೊಸ ಗುಂಡಿ ಹೊಲಿಸಿ ಅಂದರೆ, “ಪಿನ್ನು ಇದ್ರೆ ಮುಳ್ಳು ತೆಗಿಯಕ್ಕೂ ಆಯ್ತದೆ. ಗುಂಡಿ ಎಂತಕ್ಕೆ ಆಯ್ತದೆ?” ಅನ್ನುತ್ತಿದ್ದರು. ಸೌಟಿನಿಂದ ರುಚಿ ನೋಡುತ್ತಿರಲಿಲ್ಲ. ಎಡಗೈ ಹಿಂಬದಿಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕುತ್ತಿದ್ದರು. ಬಟಾಣಿ ಕೊಯ್ದರೆ ಒಂದು ಕಾಯಿ ಕಿವಿಯ ಹತ್ತಿರ ಹಿಡಿದು ಒತ್ತುತ್ತಿದ್ದರು. ಟಕ್ ಅಂದರೆ ಸೂಪಿಗೆ. ಸುಮ್ಮನೆ ಒಡೆದರೆ ಪಲ್ಯಕ್ಕೆ.

“ಕಾಯಿ ಮಾತಾಡ್ತದಾ ಬಟ್ಲ್ರೇ?” ಅಂತ ನಾನು ಒಂದು ಸಲ ಕಿಚಾಯಿಸಿದೆ.

“ನಿನ್ನಷ್ಟು ಇಲ್ಲ ಮಾರಾಯ. ಒಂದೇ ಮಾತು. ಅದೂ ನಿಜ ಹೇಳ್ತದೆ.”

ಬಂಗಲೆಯಲ್ಲಿ ಒಂದು ಪದ್ಧತಿ ಇತ್ತು. ಮೊದಲ ಮಳೆ ಬಿದ್ದ ಮಾರನೇ ದಿನ ಹತ್ತು ಗಂಟೆಗೆ ಸೂಪು. ಎಸ್ಟೇಟಿನ ಯಜಮಾನರಾದ ಸಾವ್ಕಾರ್ರು, ಅವರ ಹೆಂಡತಿ ಅಮ್ಮಾವ್ರು, ಲೆಕ್ಕ ಬರೆಯುವ ರೈಟರು, ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ, ನಾನು, ಎಲ್ಲರಿಗೂ ಒಂದೇ ಪಾತ್ರೆಯಿಂದ. ಸಾವ್ಕಾರ್ರದ್ದು ಪಿಂಗಾಣಿ ಬಟ್ಟಲು, ನಮ್ಮದು ಸ್ಟೀಲ್ ಲೋಟ, ಅಷ್ಟೇ ವ್ಯತ್ಯಾಸ. ಅಡುಗೆಮನೆ ಹಿಂದಿನ ಜಗಲಿಯಲ್ಲಿ ಕೂತು ಕುಡಿಯುವುದು. ಬಂಗಲೆಯ ಹಿಂದೆ ಬಟ್ಲರದ್ದೇ ತರಕಾರಿ ಪಾತಿ. ಬೆರಳು ಗಾತ್ರದ ಕ್ಯಾರೆಟ್, ಎಳೆ ಬೀನ್ಸ್, ನವಿಲುಕೋಸು, ಬಟಾಣಿ, ಬೇಲಿ ಮೇಲೆ ಹಬ್ಬಿದ ಸೀಮೆಬದನೆಯ ಕುಡಿ. ಎರಡು ತಿಂಗಳು ಬಿಂದಿಗೆಯಲ್ಲಿ ನೀರು ಹೊತ್ತು ಉಳಿಸಿಕೊಂಡ ಗಿಡಗಳು. ಮಳೆ ಬಿದ್ದ ಬೆಳಿಗ್ಗೆ ಅವು ಮೈ ತೊಳೆದುಕೊಂಡು ನಿಂತಿರುತ್ತಿದ್ದವು. ಆಗ ಕೊಯ್ಯುವುದು.

ಅದಕ್ಕೆ ಕಡೆಯಲ್ಲಿ ಒಂದು ಲೋಟ ಮಳೆ ನೀರು. ಮಾಡಿನ ಹೆಂಚಿನಿಂದ ಇಳಿದ ನೀರಲ್ಲ, ಸೀದಾ ಆಕಾಶದಿಂದ ಬಿದ್ದದ್ದು. ಮೋಡ ಕಟ್ಟಿದ ಕೂಡಲೇ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವರು ಒಂದು ಹಿತ್ತಾಳೆ ಚರಿಗೆ ಇಡುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, “ವರ್ಷ ಪೂರ್ತಿ ನಾನೇ ಮಾಡ್ತೀನಿ. ಒಂದಿನ ಮೇಲಿನವ್ನೂ ಸ್ವಲ್ಪ ಕೈ ಹಾಕ್ಲಿ ಮಾರಾಯ” ಅಂದಿದ್ದರು.

ನನಗೆ ಆ ಸೂಪು ಸೇರುತ್ತಿರಲಿಲ್ಲ. ನಾನು ಖಾರದವನು. ಕಡುಬಿಗೆ ಕೋಳಿಸಾರು ಸುರಿದರೆ ಕಣ್ಣಲ್ಲಿ ನೀರು ಬರಬೇಕು, ಆಗಲೇ ಊಟ. ಮೊದಲ ವರ್ಷ ಸೂಪು ಕೈಗೆ ಕೊಟ್ಟಾಗ ಕೆಟ್ಟ ಬಾಯಿ ತೆರೆದೇ ಬಿಟ್ಟೆ.

“ಇದೆಂತದು ಬಟ್ಲ್ರೇ, ತರಕಾರಿ ತೊಳೆದ ನೀರಾ?”

ಬಟ್ಲರು ಸಿಟ್ಟು ಮಾಡಲಿಲ್ಲ.

“ಹೌದು. ತೊಳೆದ ನೀರೇ. ನಿನ್ನ ನಾಲಿಗೆ ತೊಳಿಯಕ್ಕೆ” ಅಂದರು.

ಮೇಸ್ತ್ರಿ ನಕ್ಕು ನಕ್ಕು ಸೂಪನ್ನು ಮೂಗಿಗೆ ಏರಿಸಿಕೊಂಡ. ಎರಡನೇ ವರ್ಷ ನಾನು ಯಾರಿಗೂ ಕಾಣದ ಹಾಗೆ ಲೋಟಕ್ಕೆ ಉಪ್ಪಿನಕಾಯಿ ರಸ ಹಾಕಿಕೊಂಡೆ. ಬಟ್ಲರು ದೂರದಿಂದಲೇ ಮೂಗು ಏರಿಸಿ, “ಯಾರ ಲೋಟದಲ್ಲೋ ಮಾವಿನಕಾಯಿ ಬಿದ್ದದೆ” ಅಂದರು.

ಮೂರನೇ ವರ್ಷದ್ದು ಹೇಳಬೇಕು. ಅದನ್ನು ಹೇಳಲಿಕ್ಕೇ ಕೂತದ್ದು.

ಆ ವರ್ಷ ಬಿಸಿಲು ಹೆಚ್ಚು. ಕಾಫಿ ಗಿಡದಲ್ಲಿ ಮೊಗ್ಗು ಕಟ್ಟಿ ನಿಂತಿತ್ತು, ಮಳೆ ಇಲ್ಲ. ಕಾಫಿ ಬೆಳೆಯದವರಿಗೆ ಒಂದು ವಿಷಯ ಹೇಳುತ್ತೇನೆ. ನಮ್ಮಲ್ಲಿ ಮಳೆಯನ್ನು ಸೆಂಟಿನಲ್ಲಿ ಅಳೆಯುತ್ತಾರೆ. ಒಂದಿಂಚಿಗೆ ನೂರು ಸೆಂಟು. ಮೊದಲ ಮಳೆ ನೂರರ ಹತ್ತಿರ ಬಿದ್ದರೆ ಹೂ ಪೂರ್ತಿ ಅರಳುತ್ತದೆ, ಚಿಂತೆ ಇಲ್ಲ. ಅರವತ್ತು, ಎಪ್ಪತ್ತು ಬಿದ್ದರೆ ಕಷ್ಟ. ಮೊಗ್ಗು ಎಚ್ಚರ ಆಗುತ್ತದೆ, ಅರ್ಧಕ್ಕೆ ನಿಂತು ಒಣಗುತ್ತದೆ. ಆಗ ಕೂಡಲೇ ಕೆರೆಯಿಂದ ಪಂಪು ಹೊಡೆದು ಸ್ಪ್ರಿಂಕ್ಲರಿನಲ್ಲಿ ಬಾಕಿ ನೀರು ಕೊಡಬೇಕು. ನಮ್ಮ ಕೆರೆಯಲ್ಲಿ ಆ ವರ್ಷ ಒಂದು ಸಲಕ್ಕೆ ಆಗುವಷ್ಟೇ ನೀರು. ಅದನ್ನು ಈಗ ಹಾಕಿದರೆ ಇಪ್ಪತ್ತು ದಿನ ಬಿಟ್ಟು ಕಾಯಿ ಕಚ್ಚುವಾಗ ಹಾಕಲಿಕ್ಕೆ ಇಲ್ಲ. ಈಗ ಬೇಕಿದ್ದು ಹಾಕದಿದ್ದರೆ ಕಚ್ಚಲಿಕ್ಕೆ ಕಾಯಿಯೇ ಇಲ್ಲ. ಒಂದು ವರ್ಷದ ಬೆಳೆ ಆ ಒಂದು ನಂಬರಿನ ಮೇಲೆ ನಿಂತಿತ್ತು. ನಂಬರು ಇರುವುದು ಬಂಗಲೆ ಮುಂದಿನ ಲಾನಿನಲ್ಲಿ, ತಂತಿ ಬೇಲಿಯ ಒಳಗೆ. ತಗಡಿನ ಡಬ್ಬ, ಮೇಲೆ ಆಲಿಕೆ, ಒಳಗೆ ಬಾಟಲಿ. ಮಳೆ ಅಳೆಯುವ ಗೇಜು. ಬೆಳಿಗ್ಗೆ ಎಂಟಕ್ಕೆ ರೈಟರು ಬಂದು ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿಗೆ ಸುರಿದು ನೋಡುತ್ತಾರೆ, ಮಳೆ ಬುಕ್ಕಿನಲ್ಲಿ ಬರೆಯುತ್ತಾರೆ.

ಒಂದು ಸಂಜೆ ಮಳೆ ಬಂತು. ಮುಕ್ಕಾಲು ಗಂಟೆ ಹೊಡೆದು ನಿಂತಿತು.

ಮಾರನೇ ಬೆಳಿಗ್ಗೆ ಏಳಕ್ಕೆ ನಾನು ಜೀಪಿನಲ್ಲಿ ಗ್ಯಾಸ್ ಸಿಲಿಂಡರ್ ತಂದೆ. ಅಡುಗೆಮನೆ ಬಾಗಿಲಿನವರೆಗೆ ಇಪ್ಪತ್ತು ಹೆಜ್ಜೆ ಹೊರುವುದು ಯಾರು ಅಂತ ಹಿತ್ತಲಿಗೆ ರಿವರ್ಸ್ ತೆಗೆದೆ. ಹಿಂದೆ ನೋಡಲಿಲ್ಲ. ನೋಡುವವನಾಗಿದ್ದರೆ ಇದನ್ನು ಬರೆಯುವ ಗತಿ ಬರುತ್ತಿರಲಿಲ್ಲ. ಠಣ್ ಅಂತ ಸದ್ದು. ಇಳಿದು ನೋಡಿದರೆ ಬಟ್ಟೆ ಒಗೆಯುವ ಕಲ್ಲಿಗೆ ಬಂಪರ್ ತಾಗಿದೆ. ಚರಿಗೆ ಕೆಳಗೆ ಬಿದ್ದು ನೆಗ್ಗಿದೆ. ಬಟ್ಲರ ಮಳೆ ಪೂರ್ತಿ ನೆಲಕ್ಕೆ.

ಚರಿಗೆಯನ್ನು ಕಲ್ಲಿನ ಮೇಲೆ ಇಟ್ಟೆ, ನೆಗ್ಗಿದ ಬದಿಯನ್ನು ಗೋಡೆಗೆ ತಿರುಗಿಸಿ. ಅಷ್ಟರಲ್ಲಿ ಒಳಗಿನಿಂದ ಕೂಗು.

“ಡ್ರೈವರ್ ಸಾಹೇಬ್ರೇ, ಬಂದಿದ್ದೇ ಬಂದ್ರಿ, ಚರಿಗೆಯಿಂದ ಒಂದು ಲೋಟ ನೀರು ತನ್ನಿ.”

ಕಿಟಕಿಯಿಂದ ಲೋಟ ಕೊಟ್ಟರು. ತೊಗೊಂಡೆ. ಏನು ಮಾಡಲಿ? ಚೆಲ್ಲಿದೆ ಅಂತ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಆ ಹೊತ್ತಿಗೆ ನನ್ನ ತಲೆಗೆ ಒಂದು ಭಾರೀ ಉಪಾಯ ಹೊಳೆಯಿತು. ನನಗೆ ಉಪಾಯ ಹೊಳೆದಾಗೆಲ್ಲ ಎಸ್ಟೇಟಿಗೆ ನಷ್ಟ. ಬಂಗಲೆ ಸುತ್ತಿ ಮುಂದಿನ ಲಾನಿಗೆ ಹೋದೆ. ಆಲಿಕೆ ಎತ್ತಿದೆ, ಬಾಟಲಿ ತೆಗೆದೆ, ಲೋಟಕ್ಕೆ ಸುರಿದೆ. ಇದೂ ಆಕಾಶದ ನೀರೇ ಅಲ್ಲವಾ. ಬಾಟಲಿ ವಾಪಸ್ ಇಟ್ಟೆ. ರೈಟರು ಅದನ್ನು ಯಾಕೆ ನೋಡುತ್ತಾರೆ, ನೋಡಿದರೆ ಏನು ಆಗುತ್ತದೆ, ಅದು ಯಾವುದೂ ಆಗ ತಲೆಯಲ್ಲಿ ಇಲ್ಲ. ದಿನಾ ಸಾವ್ಕಾರ್ರ ಬಾಯಲ್ಲಿ ಸೆಂಟು ಸೆಂಟು ಅಂತ ಕೇಳಿ ಕೇಳಿ ಅದು ಅವರ ಕೆಮ್ಮಿನ ಹಾಗೆ ನನಗೆ ಕಿವಿಗೆ ಹತ್ತುತ್ತಿರಲಿಲ್ಲ.

ಲೋಟ ತುಂಬಿರಲಿಲ್ಲ. ಮೂರು ಬೆರಳು ಕಡಿಮೆ ಇತ್ತು. ಕಡಿಮೆ ಕೊಟ್ಟರೆ ಬಟ್ಲರು ಹೊರಗೆ ಬಂದು ಚರಿಗೆ ನೋಡುತ್ತಾರೆ. ಲಾನಿನ ನಲ್ಲಿ ತಿರುಗಿಸಿ ಸ್ವಲ್ಪ ಸೇರಿಸಿದೆ.

ಬಟ್ಲರು ಲೋಟ ತೊಗೊಂಡು ಒಳಗೆ ಬೆರಳು ಇಳಿಸಿ ನೋಡಿದರು. ಏನು ಹಾಕುವುದಿದ್ದರೂ ಹಾಗೆ ಬೆರಳಿನಲ್ಲಿ ನೋಡದೆ ಹಾಕುತ್ತಿರಲಿಲ್ಲ. “ಒಂದು ಬೆರಳು ಕಮ್ಮಿ. ಇರ್ಲಿ” ಅಂದು ಸೂಪಿಗೆ ಸುರಿದರು. ಒಲೆಯ ಉರಿ ಇಳಿಸಿದರು. ನಾನು ಬಗ್ಗಿ ನೋಡಿದೆ.

“ಇನ್ನೂ ಕುದಿತಾನೇ ಇಲ್ಲ” ಅಂದೆ, ಜಾಣನ ಹಾಗೆ.

“ಕುದಿಯೋದು ಹಂಡೆ ನೀರು. ಕೆರೆಲಿ ಮೀನು ಮೇಲೆ ಬಂದು ಬಾಯಿ ಬಿಡ್ತದಲ್ಲ, ಅಷ್ಟೇ ಗುಳ್ಳೆ ಬರ್ಬೇಕು. ಅದಕ್ಕಿಂತ ಹೆಚ್ಚು ಬಂದ್ರೆ ಬಟಾಣಿ ಬಣ್ಣ ಸತ್ತುಹೋಯ್ತದೆ.”

ಎಂಟಕ್ಕೆ ಲಾನಿನಿಂದ ರೈಟರ ಕೂಗು ಕೇಳಿತು.

“ಸಾವ್ಕಾರ್ರೇ! ಗೇಜಲ್ಲಿ ನೀರೇ ಇಲ್ಲ!”

ಸಾವ್ಕಾರ್ರು ಹಲ್ಲುಜ್ಜುತ್ತಾ ಇದ್ದವರು ಬ್ರಷ್ ಹಿಡಿದುಕೊಂಡೇ ಹೊರಗೆ ಬಂದರು. “ಇಡೀ ತೋಟ ನೆಂದದೆ, ಗೇಜ್ ಒಂದು ಒಣಗಿದ್ಯಾ? ಬಾಟ್ಲಿ ಒಡೆದಿದ್ಯಾ ನೋಡ್ರಿ.”

“ಸರಿ ಇದೆ. ಯಾರೋ ಚೆಲ್ಯಾರೆ. ಆಲಿಕೆ ಓರೆ ಕೂತದೆ.”

“ಯಾರ್ರೀ ಅದು? ಪಕ್ಕದ ಎಸ್ಟೇಟ್‍ನೋರ್ನ ಕೇಳೋದು ದಂಡ. ಗುಡ್ಡ ದಾಟಿದ್ರೆ ಮಳೆನೇ ಬೇರೆ. ಈಗ ನಾನು ಪಂಪ್ ಹಾಕ್ಲಾ ಬಿಡ್ಲಾ?”

ಸಾವ್ಕಾರ್ರು ಕೂಗಾಡುವವರಲ್ಲ. ಅವತ್ತು ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಕೂಗಿದರು. ಆಗ ನನಗೆ ಅರ್ಥವಾಯಿತು. ತಡವಾಗಿ ಅರ್ಥವಾಗುವುದು ನನ್ನ ವಿಶೇಷ.

ಬಟ್ಲರು ನನ್ನ ಮುಖ ನೋಡಿದರು. ಕಿಟಕಿಯಿಂದ ಕಲ್ಲಿನ ಮೇಲಿನ ಚರಿಗೆ ನೋಡಿದರು. ಮತ್ತೆ ನನ್ನ ಮುಖ. ಟವೆಲಿನಲ್ಲಿ ಕೈ ಒರೆಸಿಕೊಂಡು, ಲೋಟ ಹಿಡಿದುಕೊಂಡು ಹೊರಗೆ ಹೋದರು. ನಾನು ಬಾಗಿಲ ಹಿಂದೆ ನಿಂತೆ.

“ನಾನೇ ಸಾವ್ಕಾರ್ರೇ. ಸೂಪಿಗೆ ತೊಗೊಂಡೆ. ನಂದು ಚೆಲ್ಲಿಹೋಗಿತ್ತು.”

“ನೀವಾ?” ಸಾವ್ಕಾರ್ರಿಗೆ ನಂಬಲಿಕ್ಕೆ ಆಗಲಿಲ್ಲ. “ಮೂವತ್ತು ವರ್ಷ ಇಲ್ಲಿದ್ದು, ಗೇಜ್ ಎಂತಕ್ಕೆ ಅಂತ ಗೊತ್ತಿಲ್ವಾ ನಿಮ್ಗೆ?”

“ಗೊತ್ತುಂಟು. ಅದ್ಕೇ ಬೆರಳಲ್ಲಿ ನೋಡಿ ಹಾಕ್ದೆ. ಈ ಲೋಟಕ್ಕೆ ಒಂದು ಬೆರಳು ಕಮ್ಮಿ ಇತ್ತು. ರೈಟ್ರೇ, ಅಷ್ಟು ನೀರು ಹಾಕ್ತೀನಿ, ಅಳೀರಿ.”

ನಲ್ಲಿ ನೀರನ್ನು ಲೋಟಕ್ಕೆ ಒಂದು ಬೆರಳು ಕಡಿಮೆ ತುಂಬಿಸಿ ಗಾಜಿಗೆ ಸುರಿದರು. ರೈಟರು ಕನ್ನಡಕ ಏರಿಸಿ ಗೆರೆ ನೋಡಿದರು.

“ತೊಂಬತ್ತೆಂಟು.”

ಸಾವ್ಕಾರ್ರ ಹೆಗಲು ಕೆಳಗೆ ಇಳಿಯಿತು. “ಸದ್ಯ. ಪಂಪ್ ಬೇಡ. ಕೆರೆ ನೀರು ಹಂಗೇ ಇರ್ಲಿ. ಬಟ್ಲ್ರೇ, ಇನ್ನೊಂದ್ಸಲ ಗೇಜ್ ಮುಟ್ಟಿದ್ರೆ ನಾನು ಮನುಷ್ಯನಾಗಿರಲ್ಲ.”

“ಮುಟ್ಟಲ್ಲ” ಅಂದರು.

ಎಲ್ಲರಿಗೂ ಸಮಾಧಾನ. ನನಗೊಬ್ಬನಿಗೆ ಇಲ್ಲ. ಆ ತೊಂಬತ್ತೆಂಟರಲ್ಲಿ ಲಾನಿನ ನಲ್ಲಿಯದ್ದು ಎಷ್ಟು ಅಂತ ಗೊತ್ತಿದ್ದದ್ದು ನನಗೊಬ್ಬನಿಗೆ.

ಹತ್ತಕ್ಕೆ ಜಗಲಿಯಲ್ಲಿ ಸೂಪು. ಮೇಸ್ತ್ರಿ ಸೊರ್ ಅಂತ ಎಳೆಯುತ್ತಿದ್ದ. ನನ್ನ ಕೈಗೂ ಲೋಟ ಬಂತು. ಹಸಿರು ಬಟಾಣಿ ತಳದಲ್ಲಿ, ಮೇಲೆ ಬೆಣ್ಣೆಯ ಸಣ್ಣ ಸಣ್ಣ ಕಣ್ಣು. ಬಾಯಿಯವರೆಗೆ ಹೋಯಿತು, ಒಳಗೆ ಇಳಿಯಲಿಲ್ಲ. ಲೋಟ ಹಿಡಿದುಕೊಂಡು ಅಡುಗೆಮನೆಗೆ ಹೋದೆ.

“ಎಂತ ಮಾರಾಯ, ವಿಷ ಹಾಕಿದೀನಾ?” ಅಂದರು ಬಟ್ಲರು.

“ಬಟ್ಲ್ರೇ, ಲೋಟ ತುಂಬಿರ್ಲಿಲ್ಲ. ನಾನು ನಲ್ಲಿ ನೀರು ಸೇರ್ಸಿದ್ದೆ.”

ಸೌಟು ಪಾತ್ರೆಯ ಮೇಲೆ ನಿಂತಿತು. “ಎಷ್ಟು?”

ನಾನು ಎರಡು ಬೆರಳು ತೋರಿಸಿದೆ. ಆಮೇಲೆ ಮೂರು. ಮತ್ತೆ ಎರಡು.

“ಎರಡಾ ಮೂರಾ? ಸರಿ ಹೇಳು. ಇದು ಸೂಪಲ್ಲ, ತೋಟ.”

“ಮೊದ್ಲು ಮೂರು ಬೆರಳು ಕಮ್ಮಿ ಇತ್ತು. ಎರಡು ಬೆರಳು ಸೇರ್ಸ್ದೆ.”

“ದೇವ್ರಾಣೆ?”

“ದೇವ್ರಾಣೆ. ನಾನೇ ಹೋಗಿ ಹೇಳ್ತೀನಿ.”

ಹೇಳ್ತೀನಿ ಅಂದೆ ಹೊರತು ಕಾಲು ಎತ್ತಲಿಲ್ಲ. ಅವರು ಕಾದರು. ನಾನು ಎತ್ತುತ್ತೇನೋ ಅಂತ ಕಾದರು ಅಂತ ಈಗ ಅನಿಸುತ್ತದೆ. ಆಮೇಲೆ ಸೌಟು ಕೆಳಗಿಟ್ಟರು.

“ನಿಂಗೆ ಇಪ್ಪತ್ತೆರಡು. ನಂಗೆ ಅರವತ್ತಾರು. ಕೆಲ್ಸ ಹೋದ್ರೆ ಯಾರಿಗೆ ಹೆಚ್ಚು ಕಷ್ಟ, ನೀನೇ ನೋಡು. ಇಲ್ಲೇ ನಿಲ್ಲು. ಉರಿ ನೋಡ್ಕೋ. ಕುದಿಸಿದ್ರೆ ನೋಡು ಮತ್ತೆ.”

ನಾನು ಉರಿ ನೋಡಿಕೊಂಡೆ. ಅಷ್ಟು ಮಾಡಿದೆ ನಾನು. ಒಂದು ಎಸ್ಟೇಟಿನ ಬೆಳೆ ಹೋಗುವುದರಲ್ಲಿತ್ತು, ಒಬ್ಬ ಮುದುಕ ನನ್ನ ತಪ್ಪು ತಲೆ ಮೇಲೆ ಹೊತ್ತುಕೊಂಡು ಹೊರಗೆ ಹೋಗುತ್ತಿದ್ದ, ನಾನು ಬಟಾಣಿಯ ಬಣ್ಣ ಕಾಯುತ್ತಾ ನಿಂತಿದ್ದೆ.

ಹೊರಗಿನ ಮಾತು ಪೂರ್ತಿ ಕೇಳಿಸುತ್ತಿತ್ತು.

“ಸಾವ್ಕಾರ್ರೇ, ತಪ್ಪಾಯ್ತು. ಒಂದು ಬೆರಳಲ್ಲ, ಮೂರು ಬೆರಳು ಕಮ್ಮಿ ಇತ್ತು. ನಲ್ಲಿ ನೀರು ಸೇರ್ಸಿದ್ದು ಮರ್ತೇಹೋಗಿತ್ತು. ವಯಸ್ಸಾಯ್ತು.”

“ಬಟ್ಲ್ರೇ, ತಲೆ ಸರಿ ಇದ್ಯಾ ನಿಮ್ಗೆ? ಆಗ ಒಂದು ಅಂದ್ರಿ, ಈಗ ಮೂರು ಅಂತೀರಿ. ಯಾವ್ದನ್ನ ನಂಬ್ಲಿ ನಾನು?”

“ಈಗಿಂದು ನಂಬಿ.”

ಮತ್ತೆ ಅಳೆದರು. ಅರವತ್ತೆಂಟು. ಆಮೇಲೆ ಸಾವ್ಕಾರ್ರು ಮೇಸ್ತ್ರಿಗೆ, “ಪೈಪ್ ಎಳೀರಿ. ಪಂಪ್ ಹಾಕಿ” ಅಂದರು.

ಎಂಟನೇ ದಿನ ತೋಟ ಪೂರ್ತಿ ಅರಳಿತು. ತುದಿಯಿಂದ ತುದಿಗೆ ಬಿಳಿ. ಆಮೇಲೆ ಕಾಯಿ ಕಚ್ಚುವ ಹೊತ್ತಿಗೆ ಇನ್ನೊಂದು ಮಳೆ ತಾನಾಗಿ ಬಂತು. ಬೆಳೆ ಉಳಿಯಿತು. ಜನ ಕಾಫಿ ಹೂವಿನ ಪರಿಮಳ ಅಂತ ಮೂಗು ಎತ್ತಿಕೊಂಡು ತಿರುಗುತ್ತಾರೆ. ಆ ವಾಸನೆ ಬಂದರೆ ನಾನು ಇವತ್ತಿಗೂ ಮೂಗಿಗೆ ಟವೆಲ್ ಹಿಡಿಯುತ್ತೇನೆ.

ಸಾವ್ಕಾರ್ರು ಕೆಟ್ಟವರಲ್ಲ. ಆದರೆ ಅಳತೆ ಮರೆಯುವ ಅಡುಗೆಯವರನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಗ್ಯಾಸ್ ಆರಿಸುವುದು ಮರೆತರೆ ಅಂತ ಅಮ್ಮಾವ್ರಿಗೆ ಹೆದರಿಕೆ ಹಿಡಿಯಿತು. ಯುಗಾದಿ ಕಳೆದ ಮೇಲೆ ಒಂದು ಶಾಲು ಹೊದಿಸಿ, ಇನ್ನು ಮಗಳ ಮನೆಯಲ್ಲಿ ಆರಾಮಾಗಿರಿ ಅಂದರು. ಬಟ್ಲರು ಶಾಲು ಮಡಚಿ ಟ್ರಂಕಿನ ಮೇಲೆ ಇಟ್ಟರು, ಪಾತಿಗೆ ಕೊನೆಯ ಬಿಂದಿಗೆ ನೀರು ಹಾಕಿದರು, ಬಂದು ಜೀಪು ಹತ್ತಿದರು. ಕೊಟ್ಟಿಗೆಹಾರದಲ್ಲಿ ಅವರ ಮಗಳದ್ದು ಸಣ್ಣ ಹೋಟೆಲು. ಬಿಟ್ಟು ಬರುವ ಕೆಲಸ ಯಾರದ್ದು? ನನ್ನದೇ.

ದಾರಿಯಲ್ಲಿ ಗೇರು ಹಾಕುವುದು ಎರಡು ಸಲ ತಪ್ಪಿತು. ಒಂದು ತಿರುವಿನಲ್ಲಿ ಅವರೇ ಕೇಳಿದರು.

“ಆವತ್ತಿನ ಸೂಪು ಕುಡಿದ್ಯಾ?”

“ಇಲ್ಲ ಬಟ್ಲ್ರೇ. ಚೆಲ್ದೆ.”

“ಹಾಳಾದೋನೇ” ಅಂದರು. ಮೊದಲ ಸಲ ಅವರಿಗೆ ನಿಜವಾಗಿ ಸಿಟ್ಟು ಬಂದದ್ದು ನೋಡಿದೆ. “ಅಷ್ಟೆಲ್ಲ ರಾಮಾಯಣ ಆಯ್ತು, ರುಚಿನೂ ನೋಡ್ಲಿಲ್ವಾ? ಮೂವತ್ತು ವರ್ಷದಲ್ಲಿ ಅಷ್ಟು ಚಲೋ ಯಾವತ್ತೂ ಆಗಿರ್ಲಿಲ್ಲ!”

ಇಳಿಯುವಾಗ ಟ್ರಂಕಿನಿಂದ ಆ ಚರಿಗೆ ತೆಗೆದು ನನ್ನ ಸೀಟಿನ ಮೇಲೆ ಇಟ್ಟರು. ನೆಗ್ಗಿದ ಬದಿ ನನ್ನ ಕಡೆಗೆ. “ನಿಂದೇ ಕೆಲ್ಸ ಅಲ್ವಾ ಇದು. ಇಟ್ಕೋ.”

ಆಮೇಲೆ ಘಾಟಿ ಕಡೆ ಹೋಗುವ ಪ್ರತಿ ಸಲ ಆ ಹೋಟೆಲಿನ ಮುಂದೆ ಜೀಪು ನಿಲ್ಲಿಸಿದೆ. ಅವರು ಒಳಗಿನ ಬೆಂಚಿನಲ್ಲಿ ಕೂತು ಬೀನ್ಸ್ ಹೆಚ್ಚುತ್ತಿರುತ್ತಿದ್ದರು. ಮಗಳು ಅವರಿಗೆ ಒಲೆ ಕೊಡುತ್ತಿರಲಿಲ್ಲ. “ಅಪ್ಪ ಮಾಡಿದ್ರೆ ಗಿರಾಕಿ ಖಾರ ಇಲ್ಲ ಅಂತ ಎದ್ದೋಗ್ತಾರೆ ಅಣ್ಣ” ಅನ್ನುತ್ತಿದ್ದಳು. ಆದರೆ ಮೊದಲ ಮಳೆಯ ಮಾರನೇ ದಿನ ಒಂದು ಒಲೆ ಅವರಿಗೆ. ಆ ದಿನ ರಜೆ ಹಾಕಿ ನಾನು ಹೋಗುತ್ತಿದ್ದೆ. ಅವರು ಬೆಂಚಿನಲ್ಲಿ, ನಾನು ಒಲೆ ಮುಂದೆ.

“ನವಿಲುಕೋಸು ಇಷ್ಟು ದಪ್ಪ ಹೆಚ್ಚಿದ್ರೆ ಅದು ಸೂಪಲ್ಲ, ಗೋಡೆ.”

“ಕ್ಯಾರೆಟ್ ಸಿಪ್ಪೆ ಹೆರೀಬೇಡ. ಕೆರೀಬೇಕು. ಗಡ್ಡ ಮಾಡ್ಕೊಳಲ್ವಾ ನೀನು?”

“ಕಾಳುಮೆಣಸು ಎರಡೇ ಎರಡು. ನಿನ್ನ ಕೈ ನನ್ಗೆ ಗೊತ್ತು, ಹಿಂದಕ್ಕೆ ತೊಗೋ.”

ಒಂದು ವರ್ಷ ಕುದಿಸಿ ಕೆಡಿಸಿದೆ. ಒಂದು ವರ್ಷ ಉಪ್ಪು ಎರಡು ಸಲ ಬಿತ್ತು. ಮತ್ತೊಂದು ವರ್ಷ ಸೀಮೆಬದನೆ ಕುಡಿ ಅಂತ ಅವರ ಮಗಳ ಕುಂಬಳ ಬಳ್ಳಿಯ ಕುಡಿ ಕೊಯ್ದು ಬೈಸಿಕೊಂಡೆ. ಹೋದ ವರ್ಷ ಅವರು ಕೈ ಹಿಂಬದಿಗೆ ಹನಿ ಹಾಕಿಸಿಕೊಂಡು ನೆಕ್ಕಿದರು. ಇನ್ನೊಂದು ಹನಿ ಹಾಕು ಅಂತ ಕೈ ಚಾಚಿದರು.

ಆವತ್ತೇ ಧೈರ್ಯ ಮಾಡಿ ಕೇಳಿದೆ. “ಸಾವ್ಕಾರ್ರಿಗೆ ಹೇಳಿಬಿಡ್ಲಾ ಬಟ್ಲ್ರೇ?”

“ಆರು ವರ್ಷದಿಂದ ಹೇಳ್ಲಾ ಹೇಳ್ಲಾ ಅಂತ ನನ್ನ ಮುಖ ನೋಡ್ತೀಯ. ನಾನೆಂತ ನಿನ್ನ ಬಾಯಿ ಹೊಲ್ದಿದೀನಾ?” ಅಂದರು. ಬೀನ್ಸಿನ ನಾರು ಎಳೆದರು. “ಹೇಳೋದಾದ್ರೆ ಸೂಪು ತೊಗೊಂಡು ಹೋಗಿ ಹೇಳು. ಬರಿಗೈಲಿ ಹೋಗ್ಬೇಡ. ಆ ಬಂಗ್ಲೆಲಿ ಮೊದ್ಲ ಮಳೆಗೆ ಸೂಪಿಲ್ದೆ ಎಷ್ಟು ವರ್ಷ ಆಯ್ತು.”

ನಾನು ಹೋಗಲಿಲ್ಲ. ನಾಳೆ, ನಾಳಿದ್ದು ಅಂದುಕೊಂಡೆ. ಶಿವರಾತ್ರಿ ಹತ್ತಿರ ಬಂತು, ಅವರು ಹೋದರು. ಅಷ್ಟೇ.

ಇವತ್ತಿನದ್ದಕ್ಕೆ ಬರುತ್ತೇನೆ. ಕರುವಿನ ಬಾಯಿಂದ ತಂದ ಸಿಪ್ಪೆಯನ್ನು ಕಾಯಿಸಿ ಸೋಸಿದೆ. ಕ್ಯಾರೆಟ್, ನವಿಲುಕೋಸು ಮೊದಲು, ಬೀನ್ಸ್ ಆಮೇಲೆ, ಬಟಾಣಿ ಮತ್ತು ಕುಡಿ ಕಡೆಗೆ. ನೆಗ್ಗಿದ ಚರಿಗೆಯನ್ನು ನಿನ್ನೆ ಅಂಗಳದ ನಡುವೆ ಇಟ್ಟಿದ್ದೆ, ಜೀಪನ್ನು ರಸ್ತೆಯಲ್ಲೇ ನಿಲ್ಲಿಸಿದ್ದೆ. ಒಂದು ಲೋಟ ತುಂಬಿತು. ಸುರಿದೆ. ಮೀನು ಬಾಯಿ ಬಿಟ್ಟ ಹಾಗೆ ಒಂದು ಗುಳ್ಳೆ, ಇನ್ನೊಂದು ಗುಳ್ಳೆ. ಬೆಣ್ಣೆ ಹಾಕಿ ಇಳಿಸಿದೆ.

ಹೆಂಡತಿ ಒಂದು ಚಮಚ ಬಾಯಿಗಿಟ್ಟು, “ಸಪ್ಪೆ” ಅಂದಳು. ಇನ್ನೊಂದು ಚಮಚ ತೊಗೊಂಡಳು. “ಸಪ್ಪೆನೇ. ಆದ್ರೆ ಪೂರ್ತಿ ತೊಗೊಂಡು ಹೋಗ್ಬೇಡಿ, ಸ್ವಲ್ಪ ಇಡಿ.”

ಟಿಫಿನ್ ಕ್ಯಾರಿಯರಿನಲ್ಲಿ ಹಾಕಿಕೊಂಡು ಬಂಗಲೆಗೆ ಹೋದೆ. ಸಾವ್ಕಾರ್ರು ಜಗಲಿಯಲ್ಲಿ ಮಳೆ ಬುಕ್ಕು ಇಟ್ಟುಕೊಂಡು ಕೂತಿದ್ದರು. ನಿನ್ನೆಯದ್ದು ನೂರಾ ಆರು ಸೆಂಟು, ಖುಷಿಯಲ್ಲಿದ್ದರು. ಬಟ್ಟಲಿಗೆ ಸೂಪು ಹಾಕಿ ಮುಂದೆ ಇಟ್ಟೆ. ಒಂದು ಗುಟುಕು ಕುಡಿದು ತಲೆ ಎತ್ತಿದರು.

“ಇದು ಬಟ್ಲರ ಕೈ.”

“ನನ್ನ ಕೈ ಸಾವ್ಕಾರ್ರೇ. ಅವರು ಕಲ್ಸಿದ್ದು. ಆವತ್ತು ಗೇಜಿನ ನೀರು ತೆಗ್ದಿದ್ದೂ ಇದೇ ಕೈ. ನಲ್ಲಿ ನೀರು ಸೇರ್ಸಿದ್ದೂ ಇದೇ. ಅವರು ಮುಟ್ಟೇ ಇರ್ಲಿಲ್ಲ. ಅವರಿಗೆ ಯಾವ ಮರೆವೂ ಇರ್ಲಿಲ್ಲ.”

ಸಾವ್ಕಾರ್ರು ಬೈಯುತ್ತಾರೆ ಅಂತ ಕಾದೆ. ಕೆಲಸ ಬಿಡು ಅನ್ನುತ್ತಾರೆ ಅಂತಲೂ ಕಾದೆ. ಅವರು ಎದ್ದು ಒಳಗೆ ಹೋದರು. ಹಳೆಯ ಮಳೆ ಬುಕ್ಕೊಂದನ್ನು ತಂದು ಹಾಳೆ ತಿರುವಿ ನನ್ನ ಮುಂದೆ ಇಟ್ಟರು. ಆ ದಿನದ ಸಾಲಿನಲ್ಲಿ ಅವರದೇ ಅಕ್ಷರ: “ಅಂದಾಜು ೬೮. ಬಟ್ಲರು ನೀರು ಸೂಪಿಗೆ ಹಾಕಿದರು. ವಯಸ್ಸಾಗಿದೆ.”

“ಮೂವತ್ತು ವರ್ಷದ ಮನುಷ್ಯನ್ನ ಈ ಒಂದು ಸಾಲಿನ ಮೇಲೆ ಮನೆಗೆ ಕಳ್ಸಿದೀನಿ ನಾನು” ಅಂದರು. ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. “ಸರಿ ಮಾಡು.”

“ನಂಗೆ ಬರಿಯಕ್ಕೆ ಸರಿ ಬರಲ್ಲ ಸಾವ್ಕಾರ್ರೇ. ನೀವೇ ಬರೀರಿ.”

“ಮಾಡಿದ್ದು ನೀನು. ನೀನೇ ಬರಿ.”

ಏಳನೇ ಕ್ಲಾಸು ಬಿಟ್ಟ ಮೇಲೆ ಸಹಿ ಬಿಟ್ಟು ಬೇರೆ ಬರೆದವನಲ್ಲ. ಅಕ್ಷರ ಗೆರೆ ಬಿಟ್ಟು ಮೇಲೆ ಕೆಳಗೆ ಹೋಯಿತು. ಅವರ ಸಾಲು ಹೊಡೆದು ಹಾಕಿ ಕೆಳಗೆ ಬರೆದೆ: “ನೀರು ತೆಗೆದದ್ದು ಡ್ರೈವರ್. ಬಟ್ಲರು ಅಲ್ಲ. ಬಟ್ಲರಿಗೆ ಎಲ್ಲಾ ನೆನಪಿತ್ತು.”

ಸಾವ್ಕಾರ್ರು ಓದಿದರು. ಬುಕ್ಕು ಮುಚ್ಚಲಿಲ್ಲ, ಒಣಗಲಿ ಅಂತ ಹಾಗೇ ಬಿಟ್ಟರು. ಖಾಲಿ ಬಟ್ಟಲನ್ನು ನನ್ನ ಕಡೆ ತಳ್ಳಿದರು. ಮತ್ತೆ ಹಾಕಿದೆ.

ಆ ಮೂರು ಸಾಲು ಸಾಲದು ಅನಿಸಿತು. ಅದಕ್ಕೆ ಮನೆಗೆ ಬಂದು ಇಷ್ಟು ಬರೆದೆ. ಇನ್ನು ನನ್ನ ಹತ್ತಿರ ಹೇಳಲಿಕ್ಕೆ ಏನೂ ಇಲ್ಲ.